ಬೆಟ್ಟದ ಬುಡದಲ್ಲಿ ನಾಲ್ಕು ದಿನ: ಕ್ಯೋಟೊದ ಹಿಗಾಶಿಯಾಮಾ

ಕ್ಯೋಟೊ ಮೂರು ಕಡೆ ಬೆಟ್ಟ ಕಟ್ಟಿಕೊಂಡು ದಕ್ಷಿಣಕ್ಕಷ್ಟೇ ಬಾಯಿ ತೆರೆದ ಊರು. ಕಾಮೊ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಆ ನದಿಗೂ ಮೂಡಣದ ಬೆಟ್ಟಸಾಲಿಗೂ ನಡುವೆ ಉಳಿದ ಸಣ್ಣ ಪಟ್ಟಿಯೇ ಹಿಗಾಶಿಯಾಮಾ. ಹಿಗಾಶಿ ಎಂದರೆ ಮೂಡಣ, ಯಾಮಾ ಎಂದರೆ ಬೆಟ್ಟ. ಆಡಳಿತದ ಲೆಕ್ಕದಲ್ಲಿ ಈ ಪಟ್ಟಿಯ ಉತ್ತರ ಭಾಗ ಸಾಕ್ಯೊ ವಾರ್ಡಿಗೆ ಸೇರಿದ್ದು. ಬೆಟ್ಟಕ್ಕೆ ವಾರ್ಡಿನ ಗಡಿ ಗೊತ್ತಿಲ್ಲ, ಹಾಗಾಗಿ ಇಲ್ಲಿಯೂ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ತೆಂಕಣ ತುದಿಯ ಸಂಜೂಸಂಗೆಂದೊ ದೇಗುಲದಿಂದ ಬಡಗಣ ತುದಿಯ ಗಿಂಕಾಕುಜಿ ದೇಗುಲಕ್ಕೆ ಸುಮಾರು ಐದು ಕಿಲೊಮೀಟರ್. ನಮ್ಮಲ್ಲಿ ಒಂದು ಬೆಳಗಿನ ವಾಯುವಿಹಾರದಷ್ಟು ದೂರ, ಅಷ್ಟೇ. ಆದರೂ ನಾಲ್ಕು ದಿನ ಬೇಕು.

ಏಕೆಂದರೆ ಇಲ್ಲಿ ದೂರಕ್ಕಿಂತ ಬಾಗಿಲು ಮುಖ್ಯ. ಬಹುಪಾಲು ದೇಗುಲಗಳು ಬೆಳಿಗ್ಗೆ 8.30 ಅಥವಾ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತವೆ. ಟಿಕೆಟ್ ಕಿಟಕಿ ಅದಕ್ಕೂ ಅರ್ಧ ಗಂಟೆ ಮೊದಲೇ ಬಂದ್. ಚಳಿಗಾಲದಲ್ಲಿ ಇನ್ನೂ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ. 4.35ಕ್ಕೆ ಏದುಸಿರು ಬಿಡುತ್ತ ಬಂದವರಿಗೆ ಕಾವಲಿನವರು ತಲೆಬಾಗಿ ವಂದಿಸಿ ಕ್ಷಮೆ ಕೇಳುತ್ತಾರೆ, ಒಳಗೆ ಮಾತ್ರ ಬಿಡುವುದಿಲ್ಲ. ಒಂದು ದಿನಕ್ಕೆ ಆರು ದೇಗುಲ ಎಂದು ಪಟ್ಟಿ ಬರೆದುಕೊಂಡು ಬಂದವರ ಪಟ್ಟಿ ಮೂರನೆಯದಕ್ಕೇ ಹರಿದುಹೋಗುತ್ತದೆ. ದೊಡ್ಡದು ಎರಡು, ಸಣ್ಣದು ಒಂದು, ಜೊತೆಗೆ ಒಂದು ಮ್ಯೂಸಿಯಂ: ದಿನಕ್ಕೆ ಇಷ್ಟು ಸಾಕು.

ವಾರದ ಲೆಕ್ಕವೂ ಇದೆ. ಮ್ಯೂಸಿಯಂಗಳಿಗೆ ಸೋಮವಾರ ರಜೆ. ಆ ಸೋಮವಾರ ಸರ್ಕಾರಿ ರಜೆಯಾದರೆ ಅಂದು ತೆರೆದಿದ್ದು ಮಂಗಳವಾರ ಮುಚ್ಚುತ್ತವೆ. ಸೋಮವಾರ ತಪ್ಪಿಸಿದೆವು ಎಂದು ಹಿಗ್ಗಿದವರು ಮಂಗಳವಾರ ಮುಚ್ಚಿದ ಗೇಟಿನ ಎದುರು ನಿಲ್ಲುವುದು ಹೀಗೆ. ಮಂಗಳವಾರದಿಂದ ಶುಕ್ರವಾರದವರೆಗೆ ಎಂದುಕೊಂಡರೆ ಮೊದಲು ಜಪಾನಿನ ರಜಾಪಟ್ಟಿ ನೋಡಿ.

ಕೈಚೀಲದಲ್ಲಿ ನಾಣ್ಯ ಇರಲಿ. ಪ್ರವೇಶ ಶುಲ್ಕ ಹೆಚ್ಚಿನ ಕಡೆ 500, 600 ಯೆನ್ ಆಸುಪಾಸು. ಈಚೆಗೆ ಕೆಲವು ಕಡೆ ಏರುತ್ತಿದೆ, ಎಲೆ ಕೆಂಪಾಗುವ ನವೆಂಬರಿನಲ್ಲಿ ಬೇರೆಯೇ ದರ. ಕಾರ್ಡು ತೆಗೆದುಕೊಳ್ಳದ ಕಿಟಕಿಗಳು ಇನ್ನೂ ಬಹಳ ಇವೆ. ಲೇಸು ಕಟ್ಟುವ ಬೂಟು ಬೇಡ, ದಿನಕ್ಕೆ ಐದಾರು ಬಾರಿ ಬಿಚ್ಚಬೇಕಾಗುತ್ತದೆ. ಕಾಲುಚೀಲಕ್ಕೆ ತೂತಿಲ್ಲದಿದ್ದರೆ ಮಾನ ಉಳಿಯುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮರದ ನೆಲ ಮಂಜುಗಡ್ಡೆಯಂತಿರುತ್ತದೆ, ದಪ್ಪ ಉಣ್ಣೆಯ ಚೀಲ ಒಂದು ಜೊತೆ ಹೆಚ್ಚಿಗೆ ಇರಲಿ.

ಮೊದಲ ದಿನ: ಶಿಚಿಜೊ

ಕ್ಯೋಟೊ ರೈಲು ನಿಲ್ದಾಣದಿಂದ ಸಂಜೂಸಂಗೆಂದೊಗೆ ನಡೆದರೆ ಇಪ್ಪತ್ತು ನಿಮಿಷ. ನಿಲ್ದಾಣದ ಮುಂದೆ 206ನೇ ನಂಬರಿನ ಬಸ್ಸಿಗೆ ಸಾಲು ಉದ್ದವಿದ್ದರೆ ನಡೆಯುವುದೇ ಲಾಭ. ಬಸ್ಸೇ ಬೇಕೆಂದರೆ ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದೆ ಚಾಲಕನ ಪಕ್ಕದ ಪೆಟ್ಟಿಗೆಗೆ 230 ಯೆನ್ ಹಾಕಬೇಕು. ಚಿಲ್ಲರೆ ಸರಿಯಾಗಿ ಹಾಕಬೇಕು. ನೋಟು ಮುರಿಸುವ ಯಂತ್ರ ಅಲ್ಲೇ ಇದೆ, ಆದರೆ ಬಸ್ಸು ನಿಂತಿರುವಾಗ ಮೊದಲೇ ಮುರಿಸಿಟ್ಟುಕೊಳ್ಳಿ, ಹಿಂದಿನವರ ಸಾಲು ಕಾಯುತ್ತದೆ. ಬಸ್ಸಿಗೆ ಮಾತ್ರದ ದಿನದ ಪಾಸು ಹಳೆಯ ಪ್ರವಾಸ ಕೈಪಿಡಿಗಳಲ್ಲಿ ಇನ್ನೂ ಬದುಕಿದೆ, ನಿಜದಲ್ಲಿ 2024ರ ಮಾರ್ಚಿಗೆ ಅದು ಮುಗಿಯಿತು. ಈಗಿರುವುದು ಮೆಟ್ರೊ ಮತ್ತು ಬಸ್ಸು ಸೇರಿದ ಪಾಸು, 1,100 ಯೆನ್. ನಡೆಯುವ ಈ ನಾಲ್ಕು ದಿನಕ್ಕೆ ಅದು ದಂಡ.

ಸಂಜೂಸಂಗೆಂದೊ ಎಂದರೆ ಮೂವತ್ತಮೂರು ಅಂಕಣದ ಮನೆ. ಅಂಕಣ ನಮ್ಮ ಹಳೆಯ ಮನೆಗಳ ಲೆಕ್ಕವೇ, ಎರಡು ಕಂಬಗಳ ನಡುವಿನ ಜಾಗ. ಬೋಧಿಸತ್ವ ಕನ್ನೊನ್ ಮೂವತ್ತಮೂರು ರೂಪ ತಾಳುತ್ತಾನೆಂಬ ನಂಬಿಕೆಯಿಂದ ಬಂದ ಸಂಖ್ಯೆ ಅದು. ಸುಮಾರು 120 ಮೀಟರ್ ಉದ್ದದ ಒಂದೇ ಮರದ ಚಾವಡಿ. 1164ರಲ್ಲಿ ಗೊ-ಶಿರಕಾವಾ ಎಂಬ ನಿವೃತ್ತ ಚಕ್ರವರ್ತಿಗಾಗಿ ತಾಯಿರಾ ನೊ ಕಿಯೊಮೊರಿ ಕಟ್ಟಿಸಿದ್ದು 1249ರಲ್ಲಿ ಸುಟ್ಟಿತು, ಈಗಿನದು 1266ರದ್ದು. ಕ್ಯೋಟೊದಲ್ಲಿ ಬೆಂಕಿಗೂ ಕಾಳಗಕ್ಕೂ ಸಿಗದೆ ಏಳೂವರೆ ಶತಮಾನ ನಿಂತ ಮರದ ಕಟ್ಟಡಗಳು ಬೆರಳೆಣಿಕೆಯಷ್ಟು.

ಒಳಗೆ ನಡುವೆ ಕುಳಿತ ಒಂದು ದೊಡ್ಡ ಸಹಸ್ರಭುಜ ಕನ್ನೊನ್, ಎಡಬಲಕ್ಕೆ ಐನೂರರಂತೆ ಹತ್ತು ಸಾಲಲ್ಲಿ ನಿಂತ ಸಾವಿರ. ಕನ್ನೊನ್ ಎಂದರೆ ಅವಲೋಕಿತೇಶ್ವರ. ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ನಿಲ್ಲಿಸಿದ ಕಂಚಿನ ಲೋಕೇಶ್ವರನನ್ನು ಕಂಡವರಿಗೆ ಇವನು ಪೂರಾ ಅಪರಿಚಿತನಲ್ಲ. ನಡುವಿನ ವಿಗ್ರಹ ತಂಕೆ ಎಂಬ ಶಿಲ್ಪಿ ಎಂಬತ್ತು ದಾಟಿದ ಮೇಲೆ, 1254ರಲ್ಲಿ ಮುಗಿಸಿದ್ದು. ಸಾವಿರದಲ್ಲಿ 124 ಹಳೆಯ ಬೆಂಕಿಯಿಂದ ಹೊತ್ತು ಹೊರಗೆ ತಂದು ಉಳಿಸಿದವು. ಎಲ್ಲವೂ ಹಿನೊಕಿ ಮರದವು. ಒಂದೇ ದಿಮ್ಮಿ ಕಡೆದರೆ ಒಣಗುವಾಗ ಸೀಳುತ್ತದೆಂದು ತುಂಡುಗಳನ್ನು ಒಳಗೆ ಟೊಳ್ಳು ಬಿಟ್ಟು ಕೂಡಿಸಿ, ಮೇಲೆ ಚಿನ್ನದ ರೇಕು ಹೊದಿಸಿದ್ದಾರೆ. ಸಾವಿರ ಕೈ ಎಂದರೂ ಎಣಿಸಿದರೆ ಎದೆಯ ಮುಂದೆ ಜೋಡಿಸಿದ ಎರಡು ಬಿಟ್ಟು ನಲವತ್ತು. ಒಂದೊಂದು ಕೈ ಇಪ್ಪತ್ತೈದು ಲೋಕಗಳನ್ನು ಕಾಯುತ್ತದೆ, ಅಲ್ಲಿಗೆ ಸಾವಿರವಾಯಿತು.

ಎಲ್ಲರೂ ಸಾವಿರವನ್ನು ನೋಡುತ್ತ ನಡೆದುಬಿಡುತ್ತಾರೆ. ಕನ್ನಡದವರು ನಿಲ್ಲಬೇಕಾದ್ದು ಅವುಗಳ ಮುಂದೆ ಒಂದೇ ಸಾಲಲ್ಲಿರುವ ಇಪ್ಪತ್ತೆಂಟು ಪರಿವಾರ ದೇವತೆಗಳ ಎದುರು. ಬೊಂತೆನ್ ಎಂದರೆ ಬ್ರಹ್ಮ. ತಾಯಿಶಾಕುತೆನ್ ಇಂದ್ರ. ಬಿಶಮೊಂತೆನ್ ವೈಶ್ರವಣ, ಅಂದರೆ ಕುಬೇರ. ಆಶುರಾ ಯಾರೆಂದು ಹೇಳಬೇಕಿಲ್ಲ. ಕರುರಾ ನಮ್ಮ ಗರುಡನೇ: ಕೊಕ್ಕು, ರೆಕ್ಕೆ ಎರಡೂ ಇವೆ, ಕೈಯಲ್ಲಿ ಮಾತ್ರ ಕೊಳಲು. ಎಲುಬು ಎಣಿಸುವಂತೆ ಬಡಕಲಾಗಿ ಕೋಲೂರಿ ನಿಂತ ಮುದುಕ ಬಸು, ವಸು ಎಂಬ ಋಷಿ. ಎರಡು ತುದಿಗಳಲ್ಲಿ ಮೋಡದ ಮೇಲೆ ಗಾಳಿಯ ಚೀಲ ಹೆಗಲಿಗೇರಿಸಿದ ಫೂಜಿನ್, ಸುತ್ತ ಡೋಲು ಕಟ್ಟಿಕೊಂಡ ಗುಡುಗಿನ ರೈಜಿನ್. ಈ ಇಬ್ಬರ ಮುಖ ನೆನಪಿಟ್ಟುಕೊಳ್ಳಿ, ನಾಳೆ ಮತ್ತೆ ಸಿಗುತ್ತಾರೆ.

ಒಳಗೆ ಫೋಟೊ ಪೂರ್ತಿ ನಿಷೇಧ, ಫೋನು ಜೇಬಲ್ಲೇ ಇರಲಿ. ಹೊರಬಂದ ಮೇಲೆ ಪಶ್ಚಿಮದ ಜಗಲಿಯನ್ನು ಒಮ್ಮೆ ಉದ್ದಕ್ಕೂ ನೋಡಿ. ಇದರ ಒಂದು ತುದಿಯಲ್ಲಿ ಕೂತು ಇನ್ನೊಂದು ತುದಿಗೆ, ತಗ್ಗಾದ ಸೂರಿಗೆ ತಾಗದಂತೆ ಬಾಣ ಬಿಡುವ ಪಂದ್ಯ ನಡೆಯುತ್ತಿತ್ತು. 1686ರಲ್ಲಿ ವಾಸಾ ದಾಯಿಹಾಚಿರೊ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133ನ್ನು ದಾಟಿಸಿದ. ಭಾಗಿಸಿ ನೋಡಿದರೆ ಏಳು ಸೆಕೆಂಡು ತುಂಬುವ ಮೊದಲೇ ಒಂದು ಬಾಣ. ಕಂಬಗಳಿಗೆ ಹೊಡೆದ ಕಬ್ಬಿಣದ ತಗಡು ಅಡ್ಡದಿಡ್ಡಿ ಹೋದ ಬಾಣಗಳ ಸಾಕ್ಷಿ.

ರಸ್ತೆ ದಾಟಿದರೆ ಕ್ಯೋಟೊ ರಾಷ್ಟ್ರೀಯ ಮ್ಯೂಸಿಯಂ. 1897ರಲ್ಲಿ ತೆರೆದದ್ದು. ಕತಯಾಮಾ ತೊಕುಮಾ ವಿನ್ಯಾಸದ ಹಳೆಯ ಇಟ್ಟಿಗೆ ಕಟ್ಟಡ ಹೊರಗಿನಿಂದ ನೋಡಲು ಮಾತ್ರ. ಪ್ರದರ್ಶನ ನಡೆಯುವುದು ತಾನಿಗುಚಿ ಯೊಶಿಯೊ ಕಟ್ಟಿದ, 2014ರಲ್ಲಿ ತೆರೆದ ಹೊಸ ಭಾಗದಲ್ಲಿ. ಇಲ್ಲೊಂದು ಬಲೆ ಇದೆ. ವಿಶೇಷ ಪ್ರದರ್ಶನಕ್ಕೆ ಅಣಿಮಾಡುವ ವಾರಗಳಲ್ಲಿ ಗ್ಯಾಲರಿಗಳು ಮುಚ್ಚಿ ಅಂಗಳ ಮಾತ್ರ ತೆರೆದಿರುತ್ತದೆ. ಕಾರಂಜಿ, ರೊದಾನ್‌ನ ಚಿಂತಕ ಇಷ್ಟನ್ನೇ ನೋಡಿ ಮರಳಬೇಕಾಗುತ್ತದೆ, ಹಾಗಾಗಿ ತಾರೀಕು ನೋಡಿಯೇ ಹೋಗಿ. ಜಪಾನಿನ ಹಳೆಯ ಚಿತ್ರ ಕಾಗದ, ರೇಷ್ಮೆಗಳ ಮೇಲಿನವು. ಬೆಳಕಿಗೆ ಮಾಸುತ್ತವೆಂದು ಕೆಲವೇ ವಾರ ತೂಗುಹಾಕಿ ಮತ್ತೆ ಸುತ್ತಿ ಒಳಗಿಡುತ್ತಾರೆ. ಪುಸ್ತಕದಲ್ಲಿ ಕಂಡ ಚಿತ್ರ ನೀವು ಹೋದ ದಿನ ಗೋಡೆಯ ಮೇಲಿರುವುದು ಅದೃಷ್ಟದ ಮಾತು. ಟಿಪ್ಪಣಿ ಬರೆಯುವವರು ಪೆನ್ಸಿಲ್ ಒಯ್ಯಿರಿ, ಪೆನ್ನು ತೆಗೆದರೆ ಕಾವಲಿನವರು ಬರುತ್ತಾರೆ.

ಶಿಚಿಜೊ ರಸ್ತೆ ಪೂರ್ವಕ್ಕೆ ಹೋಗಿ ಬೆಟ್ಟಕ್ಕೆ ಮುಟ್ಟುವಲ್ಲಿ ಚಿಶಾಕುಇನ್ ಇದೆ, ನಡೆದರೆ ಐದಾರು ನಿಮಿಷ. ಜನ ಕಡಿಮೆ, ಕಾರಣ ಗೊತ್ತಾಗುವುದಿಲ್ಲ. ಇಲ್ಲಿ ಎರಡು ಗೋಡೆಚಿತ್ರಗಳಿವೆ. ದೇಶವನ್ನೇ ಕೈಗೆ ತೆಗೆದುಕೊಂಡಿದ್ದ ಹಿದೆಯೊಶಿಯ ಮಗ ತ್ಸುರುಮಾತ್ಸು 1591ರಲ್ಲಿ ಎಳವೆಯಲ್ಲೇ ತೀರಿಕೊಂಡ. ಮಗುವಿನ ನೆನಪಿಗೆ ಕಟ್ಟಿಸಿದ ದೇಗುಲಕ್ಕೆ ಚಿತ್ರ ಬರೆದವರು ಹಸೆಗಾವಾ ತೊಹಾಕು ಮತ್ತು ಅವನ ಮಗ ಕ್ಯೂಝೊ. ಮಗ ಬರೆದದ್ದು ಚೆರ್ರಿ ಮರ: ಬಿಳಿಯ ಪುಡಿಯನ್ನು ದಪ್ಪಕ್ಕೆ ಮೆತ್ತಿ ಎಸಳುಗಳನ್ನು ಉಬ್ಬಿಸಿದ್ದಾನೆ, ಪಕ್ಕದಿಂದ ನೋಡಿದರೆ ಉಬ್ಬು ಕಾಣುತ್ತದೆ. ಅದು ಮುಗಿದ ಸ್ವಲ್ಪ ದಿನಕ್ಕೆ, 1593ರಲ್ಲಿ, ಇಪ್ಪತ್ತಾರಕ್ಕೆ ಕ್ಯೂಝೊ ತೀರಿಕೊಂಡ. ಪಕ್ಕದಲ್ಲೇ ಇರುವ ಕೆಂಪು ಮೇಪಲ್ ಮರ ಅಪ್ಪನದು. ಮಗ ಸತ್ತ ಅರಸನಿಗಾಗಿ ಬರೆದ ಚಿತ್ರಗಳು, ಚಿತ್ರಕಾರನಿಗೂ ಅದೇ ಗತಿ. 2023ರಲ್ಲಿ ತೆರೆದ ಹೊಸ ಕಟ್ಟಡದಲ್ಲಿ ಅವನ್ನು ಇಟ್ಟಿದ್ದಾರೆ. ಆಮೇಲೆ ತೋಟದ ಚಾವಡಿಯ ಜಗಲಿಗೆ ಹೋಗಿ ಕೂರಬೇಕು. ಕೊಳದ ನೀರು ಜಗಲಿಯ ಅಡಿಗೇ ನುಗ್ಗಿಬರುತ್ತದೆ, ಎದುರಿನ ದಿಬ್ಬ ಚೀನಾದ ಲು ಪರ್ವತದ ಅನುಕರಣೆ. ಇಲ್ಲಿ 4ಕ್ಕೇ ಬಾಗಿಲು. ಮಧ್ಯಾಹ್ನ 2.30ರೊಳಗೆ ತಲುಪಿ.

ಎರಡನೆಯ ದಿನ: ಕಿಯೊಮಿಝುವಿನಿಂದ ಗಿಯೊನ್

ಕಿಯೊಮಿಝುದೆರಾ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ಈ ಒಂದು ಸಂಗತಿಯ ಮೇಲೆ ಇಡೀ ದಿನ ನಿಂತಿದೆ. 6.30ಕ್ಕೆ ಹೋದವರಿಗೆ ಹಕ್ಕಿ, ಪೊರಕೆ, ದೂರದ ಗಂಟೆಯ ಸದ್ದು. 11ಕ್ಕೆ ಹೋದವರಿಗೆ ಬಾಡಿಗೆ ಕಿಮೊನೊಗಳ ಜಾತ್ರೆ. ಬೆಳಗಿನ ಬಸ್ಸು ವಿರಳ. ಕೆಇಹಾನ್ ರೈಲಿನ ಕಿಯೊಮಿಝು-ಗೊಜೊ ನಿಲ್ದಾಣದಲ್ಲಿ ಇಳಿದು ಏರು ಹತ್ತಿದರೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ತಿಂಡಿ ಹಿಂದಿನ ರಾತ್ರಿಯೇ ಕೊಂಡಿಡಿ, ಬೆಟ್ಟದ ಮೇಲೆ 9ಕ್ಕೆ ಮೊದಲು ಅಂಗಡಿಗಳೇ ತೆರೆಯುವುದಿಲ್ಲ. ಕಸದ ಬುಟ್ಟಿಯೂ ಸಿಗದು, ಖಾಲಿ ಪೊಟ್ಟಣ ವಾಪಸ್ ಚೀಲಕ್ಕೆ.

ದೇಗುಲ 778ರದ್ದೆಂದು ಪ್ರತೀತಿ; ಈಗಿನ ಮುಖ್ಯ ಕಟ್ಟಡ 1633ರಲ್ಲಿ ಶೋಗನ್ (ದೇಶವಾಳುವ ಸೇನಾಧಿಪತಿ) ಇಎಮಿತ್ಸು ಕಟ್ಟಿಸಿದ್ದು. ಹೆಸರಾದದ್ದು ಕಣಿವೆಯ ಮೇಲೆ ಚಾಚಿದ ಅಟ್ಟಣಿಗೆಗೆ. ಎತ್ತರ ಸುಮಾರು 13 ಮೀಟರ್. ಅದನ್ನು ಹೊತ್ತ ಹದಿನೆಂಟು ಕಂಬಗಳು ಕೆಯಾಕಿ ಮರದವು. ಕಂಬಕ್ಕೆ ತೂತು ಕೊರೆದು, ಅಡ್ಡತೊಲೆಗಳನ್ನು ಎರಡು ದಿಕ್ಕಿನಿಂದ ತೂರಿಸಿ, ಬೆಣೆ ಬಡಿದು ಬಿಗಿ ಮಾಡಿದ್ದಾರೆ, ಮೊಳೆಯಿಲ್ಲ. ಭೂಮಿ ನಡುಗಿದರೆ ಈ ಕೀಲುಗಳು ಸ್ವಲ್ಪ ಆಡಿ, ಮತ್ತೆ ಕೂರುತ್ತವೆ. ಮರದ ಶತ್ರು ನೀರು. ಅದಕ್ಕೇ ಅಟ್ಟಣಿಗೆಯ ಹಲಗೆನೆಲ ಕಣಿವೆಯ ಕಡೆಗೆ ತುಸು ವಾಲಿದೆ, ತೊಲೆಗಳ ಹೊರತುದಿಗೆ ಪುಟ್ಟ ಹಲಗೆಯ ಟೋಪಿ ಹಾಕಿದ್ದಾರೆ. ಇವೆಲ್ಲ ಮೇಲೆ ನಿಂತರೆ ಕಾಣುವುದಿಲ್ಲ. ಎದುರಿನ ಓಕುನೊಇನ್ ಜಗಲಿಯಿಂದ ಅಟ್ಟಣಿಗೆ ನೋಡಿ, ಆಮೇಲೆ ಕೆಳಗಿನ ದಾರಿಗಿಳಿದು ಕಂಬಗಳ ಬುಡದಲ್ಲಿ ಕತ್ತೆತ್ತಿ.

ಗಟ್ಟಿ ಮನಸ್ಸು ಮಾಡುವುದಕ್ಕೆ ಜಪಾನಿಯಲ್ಲಿ "ಕಿಯೊಮಿಝು ಅಟ್ಟಣಿಗೆಯಿಂದ ಹಾರಿದಂತೆ" ಎನ್ನುತ್ತಾರೆ. ಅದು ಬರಿಯ ಮಾತಲ್ಲ. ದೇಗುಲದ ದಾಖಲೆಯಲ್ಲಿ 1694ರಿಂದ 1864ರವರೆಗೆ 234 ಜಿಗಿತಗಳ ಲೆಕ್ಕವಿದೆ. ಹರಕೆ ಹೊತ್ತು ಹಾರಿದವರು ಅವರು, ಹೆಚ್ಚಿನವರು ಬದುಕಿದರು. 1872ರಲ್ಲಿ ಸರ್ಕಾರ ನಿಷೇಧಿಸಿತು.

ಕೆಳಗೆ ಒತೊವಾ ಝರಿ ಮೂರು ಧಾರೆಯಾಗಿ ಬೀಳುತ್ತದೆ. ಕಿಯೊಮಿಝು ಎಂದರೆ ತಿಳಿನೀರು, ಹೆಸರು ಇದರಿಂದಲೇ. ಉದ್ದ ಹಿಡಿಯ ಸೌಟುಗಳು ನೇರಳೆ ಬೆಳಕಿನ ಪೆಟ್ಟಿಗೆಯಲ್ಲಿರುತ್ತವೆ, ಅದು ಕ್ರಿಮಿ ಕೊಲ್ಲುವ ದೀಪ. ಸೌಟಿನಿಂದ ಅಂಗೈಗೆ ಸುರಿದುಕೊಂಡು ಕುಡಿಯುವುದು ಚೆಂದ. ವಿದ್ಯೆ, ಪ್ರೇಮ, ಆಯುಸ್ಸು ಎಂದು ಮೂರು ಧಾರೆಗೆ ಜನ ಫಲ ಹಂಚಿದ್ದಾರೆ. ಒಂದನ್ನು ಆರಿಸಿ, ಮೂರಕ್ಕೂ ಕೈಚಾಚಿದವರು ಆಸೆಬುರುಕರು.

7.30ರ ಹೊತ್ತಿಗೆ ಇಳಿದು ಸನ್ನೆಂಝಾಕಾ, ನಿನೆಂಝಾಕಾ ಎಂಬ ಕಲ್ಲುಮೆಟ್ಟಿಲ ಇಳಿಜಾರುಗಳಿಗೆ ಬನ್ನಿ. ಹೆಂಚಿನ ಮಾಡು, ಮರದ ಜಾಲರಿಯ ಮನೆಗಳ ಈ ಕೇರಿ 1976ರಿಂದ ಸಂರಕ್ಷಿತ ಪ್ರದೇಶ. ಸನ್ನೆಂಝಾಕಾದಲ್ಲಿ ಎಡವಿಬಿದ್ದರೆ ಮೂರು ವರ್ಷದಲ್ಲಿ ಸಾವು ಎಂಬ ಹೆದರಿಕೆ ಇದೆ. ಪರಿಹಾರಕ್ಕೆ ಸೋರೆ ಬುರುಡೆ ಮಾರುವ ಅಂಗಡಿಯೂ ಅಲ್ಲೇ ಇದೆ. ಮಳೆಯಲ್ಲಿ ಕಲ್ಲು ನಿಜಕ್ಕೂ ಜಾರುತ್ತದೆ. 46 ಮೀಟರ್ ಎತ್ತರದ ಯಸಾಕಾ ಗೋಪುರ, ಐದಂತಸ್ತು, 1440ರದ್ದು, ಬೀದಿಯ ಕೊನೆಯಲ್ಲಿ ನಿಂತಿದೆ. ಎಲ್ಲರ ಫೋಟೊದಲ್ಲೂ ಇರುವುದು ಅದೇ. 8ಕ್ಕೆ ಮೊದಲು ತೆಗೆದರೆ ಅದೊಂದೇ ಇರುತ್ತದೆ.

9ಕ್ಕೆ ಕೊದಾಯಿಜಿ ಬಾಗಿಲು. ಹಿದೆಯೊಶಿಯ ಹೆಂಡತಿ ನೆನೆ 1606ರಲ್ಲಿ ಗಂಡನ ನೆನಪಿಗೆ ಕಟ್ಟಿಸಿದ್ದು. ಸಮಾಧಿಮಂದಿರದೊಳಗೆ ಕಪ್ಪು ಅರಗಿನ ಮೆರುಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಬರೆದ ಮಾಕಿ-ಎ ಕೆಲಸ ಇದೆ, ಬೆಳಕು ಮಂದ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಬೆಟ್ಟದ ಮೇಲಿನ ಎರಡು ಚಹಾಮನೆಗಳಲ್ಲಿ ಕಾಸಾತೆಯ ಸೂರನ್ನು ಬಾಗಿಲಿಂದ ಇಣುಕಿ ನೋಡಿ: ಬಿದಿರಿನ ಕಡ್ಡಿಗಳು ಕೊಡೆಯ ಕಡ್ಡಿಯಂತೆ ಹರಡಿವೆ. ಸಣ್ಣ ಬಿದಿರುಮೆಳೆಯೂ ಇದೆ. ಬಿದಿರುವನಕ್ಕೆ ಹೆಸರಾದ ಅರಶಿಯಾಮಾಕ್ಕೆ ಹೋಗಲಾಗದವರಿಗೆ ಅಷ್ಟೇ ಸಾಕು.

ಮುಂದೆ ಮರುಯಾಮಾ ಉದ್ಯಾನ, ಅದರಾಚೆ ಚಿಯೊನಿನ್. 1621ರ ಹೆಬ್ಬಾಗಿಲು 24 ಮೀಟರ್ ಎತ್ತರ, ಎದುರಿನ ಮೆಟ್ಟಿಲುಗಳೂ ಅದಕ್ಕೆ ತಕ್ಕಂತೆ ಮೊಣಕಾಲು ಪರೀಕ್ಷಿಸುತ್ತವೆ. 70 ಟನ್ನಿನ ಗಂಟೆಯನ್ನು ವರ್ಷಾಂತ್ಯದ ರಾತ್ರಿ ಹದಿನೇಳು ಭಿಕ್ಷುಗಳು ಹಗ್ಗ ಹಿಡಿದು ಬಾರಿಸುತ್ತಾರೆ.

ಮಧ್ಯಾಹ್ನ ಗಿಯೊನ್ ಕೇರಿಯ ಕೆನ್ನಿಂಜಿಗೆ. 1202ರಲ್ಲಿ ಎಇಸಾಯಿ ಸ್ಥಾಪಿಸಿದ, ಕ್ಯೋಟೊದ ಅತಿ ಹಳೆಯ ಝೆನ್ ದೇಗುಲ. ನಿನ್ನೆಯ ಫೂಜಿನ್, ರೈಜಿನ್ ಇಲ್ಲಿ ಮಡಿಚು ತೆರೆಯ ಚಿನ್ನದ ಬಯಲಲ್ಲಿ ಕುಣಿಯುತ್ತಾರೆ. ತವರಾಯಾ ಸೊತಾತ್ಸು ಬರೆದ ಮೂಲ ರಾಷ್ಟ್ರೀಯ ಮ್ಯೂಸಿಯಂನ ವಶದಲ್ಲಿದೆ. ಇಲ್ಲಿರುವುದು ಕರಾರುವಾಕ್ಕಾದ ಪ್ರತಿ. ಪ್ರತಿ ಎಂದು ಮೂಗು ಮುರಿಯಬೇಡಿ, ಗಾಜಿನ ಪೆಟ್ಟಿಗೆಯಾಚೆ ಮಂದ ಬೆಳಕಲ್ಲಿ ನೋಡುವುದಕ್ಕಿಂತ ಹೀಗೆ ಚಾಪೆಯ ಮೇಲೆ ಕೂತು ನೋಡುವುದೇ ಆ ತೆರೆಗೆ ಒಪ್ಪುವ ರೀತಿ. ನಡುವಿನ ಚಿನ್ನದ ಖಾಲಿ ಜಾಗ ಎಷ್ಟು ದೊಡ್ಡದೆಂದು ಆಗಲೇ ಹೊಳೆಯುವುದು. ಧರ್ಮೋಪದೇಶದ ಚಾವಡಿಯ ಚಾವಣಿಯಲ್ಲಿರುವ ಜೋಡಿ ಡ್ರ್ಯಾಗನ್‌ಗಳು 2002ರಲ್ಲಿ ಕೊಯಿಝುಮಿ ಜುನ್ಸಾಕು ಬರೆದದ್ದು, ಅಳತೆ 108 ಚಾಪೆಯಷ್ಟು. ಇಲ್ಲಿ ಫೋಟೊಗೆ ಅಡ್ಡಿಯಿಲ್ಲ.

ಗಿಯೊನ್‌ನ ಖಾಸಗಿ ಓಣಿಗಳಿಗೆ ಪ್ರವಾಸಿಗರು ಹೋಗಬಾರದು, ಹೋದರೆ 10,000 ಯೆನ್ ಎಂದು ಫಲಕಗಳಿವೆ. ದೊಡ್ಡ ಬೀದಿಯಲ್ಲೇ ನಡೆಯಿರಿ. ಕೆಲಸಕ್ಕೆ ಹೊರಟ ಗೇಕೊ (ಗೀಶಾ ಕಲಾವಿದೆಯರು), ಮೈಕೊ (ಅವರ ಶಿಷ್ಯೆಯರು) ಇವರ ದಾರಿಗೆ ಅಡ್ಡನಿಂತು ಫೋಟೊ ತೆಗೆದವರಿಂದಲೇ ಈ ಫಲಕ ಬಂದದ್ದು.

ಮೂರನೆಯ ದಿನ: ನೀರು ಬಂದ ದಾರಿ

ಮೊದಲೆರಡು ದಿನ ಹಳೆಯ ಕ್ಯೋಟೊ. ಮೂರನೆಯ ದಿನದ ಕಥೆ 1869ರಲ್ಲಿ ಶುರುವಾಗುತ್ತದೆ. ಚಕ್ರವರ್ತಿ ಟೋಕಿಯೊಗೆ ಹೋದ, ಹಿಂದೆಯೇ ಕುಲೀನರು, ವರ್ತಕರು, ಊರು ಬಡವಾಯಿತು. ರಾಜ್ಯಪಾಲ ಕಿತಗಾಕಿ ಕುನಿಮಿಚಿ ಬೆಟ್ಟದಾಚೆಯ ಬೀವಾ ಸರೋವರದ ನೀರನ್ನು ಸುರಂಗ ಕೊರೆದು ತರಲು ಹೊರಟ. ಕೆಲಸ ವಹಿಸಿದ್ದು ಕಾಲೇಜಿನಿಂದ ಆಗತಾನೆ ಹೊರಬಂದ ತಾನಾಬೆ ಸಾಕುರೊ ಎಂಬ ಎಂಜಿನಿಯರಿಗೆ. 1885ರಲ್ಲಿ ಶುರು, 1890ರಲ್ಲಿ ನೀರು ಬಂತು. ಮೊದಲ ಸುರಂಗವೇ 2,436 ಮೀಟರ್, ಆ ಕಾಲಕ್ಕೆ ಜಪಾನಿನಲ್ಲೇ ಉದ್ದದ್ದು. ಈ ನೀರನ್ನು ಬಿಟ್ಟು ಇಂದಿನ ತೋಟಗಳನ್ನು ನೋಡಿದರೆ ಅರ್ಧ ಮಾತ್ರ ನೋಡಿದಂತೆ.

ಮೆಟ್ರೊದಲ್ಲಿ ಬನ್ನಿ: ಕ್ಯೋಟೊ ನಿಲ್ದಾಣದಿಂದ ಕರಸುಮಾ-ಓಇಕೆಯಲ್ಲಿ ತೊಝಾಯಿ ಮಾರ್ಗಕ್ಕೆ ಬದಲಿಸಿ ಕೆಯಾಗೆಯಲ್ಲಿ ಇಳಿಯಬೇಕು, ಇಪ್ಪತ್ತು ನಿಮಿಷ ಚಿಲ್ಲರೆ. ಇದೇ ದಾರಿಗೆ ಬಸ್ಸು ಹಿಡಿದರೆ ಪೇಟೆಯ ದಟ್ಟಣೆಯಲ್ಲಿ ಎಷ್ಟು ಹೊತ್ತಾದರೂ ಆಗಬಹುದು. ಹೊರಬಂದರೆ ಎದುರಿಗೇ ನೆಜಿರಿಮಾನ್ಪೊ ಎಂಬ ಇಟ್ಟಿಗೆ ಸುರಂಗದಾರಿ, 1888ರದ್ದು. ಒಳಗಿನ ಇಟ್ಟಿಗೆ ಸಾಲುಗಳು ತಿರುಚಿದಂತೆ ಓರೆಯಾಗಿ ಸುತ್ತಿವೆ. ಅಲಂಕಾರಕ್ಕಲ್ಲ. ಮೇಲೆ ಹೋಗುವ ಹಳಿ ಈ ದಾರಿಯನ್ನು ಓರೆಯಾಗಿ ದಾಟುತ್ತದೆ. ಭಾರ ಇಟ್ಟಿಗೆಯ ಮೇಲೆ ಸರಿಯಾದ ದಿಕ್ಕಿನಲ್ಲಿ ಕೂರಲೆಂದು ಹಾಗೆ ಕಟ್ಟಿದ್ದು. ಮೇಲೆ ಹತ್ತಿದರೆ 582 ಮೀಟರ್ ಉದ್ದದ ಇಳಿಜಾರು ಹಳಿ. ಎತ್ತರದ ವ್ಯತ್ಯಾಸ 36 ಮೀಟರಿನಷ್ಟು, ದೋಣಿಗೆ ಅದು ಜಲಪಾತ. ಹಾಗಾಗಿ ಸರಕು ತುಂಬಿದ ದೋಣಿಯನ್ನೇ ಗಾಡಿಯ ಮೇಲೆ ಕೂರಿಸಿ ಹಗ್ಗದಿಂದ ಎಳೆಯುತ್ತಿದ್ದರು, ಎಳೆಯುವ ವಿದ್ಯುತ್ತು ಪಕ್ಕದ ಕೆಯಾಗೆ ಜಲವಿದ್ಯುತ್ ಕೇಂದ್ರದ್ದು, 1891ರದ್ದು. 1948ರಲ್ಲಿ ದೋಣಿ ನಿಂತಿತು. ಈಗ ಹಳಿಯ ನಡುವೆ ಜಲ್ಲಿಕಲ್ಲು, ಎರಡೂ ಬದಿ ಚೆರ್ರಿ ಮರ. ಏಪ್ರಿಲ್ ಮೊದಲ ವಾರ ಇಲ್ಲಿ ಹೆಜ್ಜೆಯಿಡಲು ಜಾಗವಿರದು, ಹೀಲ್ಸ್ ಹಾಕಿದವರ ಪಾದ ಉಳುಕುವುದೂ ಇಲ್ಲೇ.

ಕೆಳತುದಿಯಲ್ಲಿ ನಾಲೆಯ ಸ್ಮಾರಕ ಮ್ಯೂಸಿಯಂ, ಪ್ರವೇಶ ಉಚಿತ, ಅರ್ಧ ಗಂಟೆ ಸಾಕು. ಅಲ್ಲಿಂದ ರಸ್ತೆ ದಾಟಿದರೆ ಮುರಿನಾನ್. ಸೇನಾಧಿಕಾರಿ, ಪ್ರಧಾನಿ ಎರಡೂ ಆಗಿದ್ದ ಯಾಮಗಾತಾ ಅರಿತೊಮೊ 1890ರ ದಶಕದಲ್ಲಿ ಕಟ್ಟಿಸಿದ ಮನೆ. ತೋಟ ಏಳನೆಯ ಒಗಾವಾ ಜಿಹೆಯದು. ಸುಮಾರು 3,100 ಚದರ ಮೀಟರ್, ಬೆಟ್ಟದ ಕಡೆ ಮೊನಚಾದ ತ್ರಿಕೋನ. ಆ ಮೊನೆಯಲ್ಲಿ ನಾಲೆಯ ನೀರು ಮೂರು ಹಂತದ ಝರಿಯಾಗಿ ಒಳಬಂದು, ಬೆರಳುದ್ದ ಆಳದ ತೊರೆಯಾಗಿ ಹರಡುತ್ತದೆ. ಅದಕ್ಕೂ ಮೊದಲಿನ ತೋಟಗಳಲ್ಲಿ ಕೊಳವೇ ಸಮುದ್ರ, ಕಲ್ಲೇ ದ್ವೀಪ, ಮರಳೇ ನದಿ. ಇಲ್ಲಿ ನೀರು ನೀರಾಗಿಯೇ ಹರಿಯುತ್ತದೆ, ಸದ್ದು ಬರಲೆಂದೇ ಕಲ್ಲು ಕೂರಿಸಿದ್ದಾರೆ. ಹಿಂದಿನ ಹಿಗಾಶಿಯಾಮಾ ಬೆಟ್ಟ ತೋಟದ್ದೇ ಭಾಗವೆಂಬಂತೆ ಮರಗಳ ನಡುವೆ ಕಿಂಡಿ ಬಿಟ್ಟಿದ್ದಾರೆ. ಯಾಮಗಾತಾಗೆ ಬೇಕಿದ್ದುದು ಹುಲ್ಲುಹಾಸು. ಕ್ಯೋಟೊದ ತೇವ ಅವನ ಮಾತು ಕೇಳಲಿಲ್ಲ, ಪಾಚಿ ಬಂತು, ಕೊನೆಗೆ ಅವನೂ ಒಪ್ಪಿಕೊಂಡ. ತೋಟದ ಮೂಲೆಯ ಇಟ್ಟಿಗೆ ಕಟ್ಟಡದ ಮಹಡಿಯಲ್ಲಿ 1903ರ ಏಪ್ರಿಲ್ 21ರಂದು ಯಾಮಗಾತಾ ಜೊತೆ ಹಿರಿಯ ಮುತ್ಸದ್ದಿ ಇತೊ, ಪ್ರಧಾನಿ ಕತ್ಸುರಾ, ವಿದೇಶಾಂಗ ಮಂತ್ರಿ ಕೊಮುರಾ ಕೂತು ರಷ್ಯಾದ ವಿಷಯ ತೀರ್ಮಾನಿಸಿದರು, ಮರುವರ್ಷ ಯುದ್ಧ. ಶುಲ್ಕ ಋತುವಿನೊಂದಿಗೆ ಬದಲಾಗುತ್ತದೆ, ಗಂಟೆಯ ಲೆಕ್ಕದಲ್ಲಿ ಮುಂಗಡ ಕಾಯ್ದಿರಿಸಬೇಕು. ಬೆಳಗಿನ ಮೊದಲ ಗಂಟೆ ಹಿಡಿಯಿರಿ. ಜಿಟಿಜಿಟಿ ಮಳೆಯಿದ್ದರೆ ರದ್ದು ಮಾಡಬೇಡಿ, ಪಾಚಿಗೆ ಬಣ್ಣ ಬರುವುದೇ ಆಗ.

ನನ್ಝೆಂಜಿ ಹತ್ತು ನಿಮಿಷದ ನಡಿಗೆ. ನಿವೃತ್ತ ಚಕ್ರವರ್ತಿ ಕಮೆಯಾಮಾ 1291ರಲ್ಲಿ ತನ್ನ ಅರಮನೆಯನ್ನೇ ದೇಗುಲ ಮಾಡಿದ್ದು. 1628ರ ಹೆಬ್ಬಾಗಿಲಿಗೆ ಹತ್ತಬಹುದು. ಮೆಟ್ಟಿಲು ಏಣಿಯಷ್ಟು ಕಡಿದು, ಕಾಲುಚೀಲದಲ್ಲಿ ಜಾರುತ್ತದೆ. ಕಳ್ಳ ಗೊಎಮೊನ್ ಈ ಬಾಗಿಲ ಮೇಲೆ ನಿಂತು ವಸಂತ ಹೊಗಳುವ ದೃಶ್ಯ ಕಬುಕಿಯಲ್ಲಿ ಹೆಸರುವಾಸಿ. ಅವನನ್ನು ಕೊಂದದ್ದು 1594ರಲ್ಲಿ, ಬಾಗಿಲು ಎದ್ದದ್ದು ಮೂವತ್ನಾಲ್ಕು ವರ್ಷ ಆಮೇಲೆ. ನಾಟಕದವರು ಇಂಥದಕ್ಕೆಲ್ಲ ತಲೆಕೆಡಿಸಿಕೊಳ್ಳುವುದಿಲ್ಲ. ಅಂಗಳದ ಬಲಕ್ಕೆ ಮರಗಳ ನಡುವೆ ಸುಯಿರೊಕಾಕು, ಇಟ್ಟಿಗೆ ಕಮಾನುಗಳ ಮೇಲ್ಗಾಲುವೆ, 93 ಮೀಟರ್. ಎಲ್ಲರೂ ಕಮಾನಿನ ಕೆಳಗೆ ಫೋಟೊ ತೆಗೆದು ಹೋಗುತ್ತಾರೆ. ಪಕ್ಕದ ಮೆಟ್ಟಿಲು ಹತ್ತಿ: ಮೇಲೆ ನೀರು ಇವತ್ತಿಗೂ ಓಡುತ್ತಿದೆ. ಅದು ಯಾವ ಕಡೆ ಹೋಗುತ್ತಿದೆ ನೋಡಿಕೊಳ್ಳಿ, ಉತ್ತರಕ್ಕೆ.

ನನ್ಝೆಂಜಿಯಲ್ಲಿ ಒಂದೇ ತೋಟಕ್ಕೆ ಸಮಯವಿದ್ದರೆ ದೊಡ್ಡ ಹೊಜೊ (ಮಠಾಧಿಪತಿಯ ಚಾವಡಿ) ಬಿಟ್ಟು ಉಪದೇಗುಲ ಕೊಂಚಿಇನ್‌ಗೆ ಹೋಗುವುದು ಮೇಲು. ಕೊಬೊರಿ ಎನ್ಶೂನ ಹೆಸರಿಗೆ ನೂರಾರು ತೋಟಗಳನ್ನು ಅಂಟಿಸಿದ್ದಾರೆ; ಇದು ಅವನದೇ ಎನ್ನಲು ದಾಖಲೆ ಇದೆ, 1632ರದ್ದು. ಬಿಳಿ ಮರಳಿನ ಹಿಂದೆ ಬಲಕ್ಕೆ ಕೊಕ್ಕರೆ, ಎಡಕ್ಕೆ ಆಮೆ, ಎರಡೂ ಕಲ್ಲಿನವು.

ಊಟದ ಮಾತು. ಈ ಕೇರಿ ಯುದೊಫುಗೆ, ಅಂದರೆ ಬಿಸಿನೀರಲ್ಲಿ ಕುದಿಸಿದ ತೋಫುಗೆ ಪ್ರಸಿದ್ಧ. ಸಸ್ಯಾಹಾರಿಗಳು ಇಲ್ಲಿಯೇ ಮೋಸಹೋಗುವುದು. ಕುದಿನೀರಿಗೆ ಹಾಕುವುದು ಕೊಂಬು ಎಂಬ ಕಡಲಪಾಚಿ, ಸರಿ. ಅದ್ದಿಕೊಳ್ಳುವ ಸಾರಿನಲ್ಲಿ ಒಣಮೀನಿನ ಕತ್ಸುಒಬುಶಿ ಇರುತ್ತದೆ. ಮೀನು ಕಣ್ಣಿಗೆ ಕಾಣದು, ಬಡಿಸುವವರಿಗೂ ಅದು ಮೀನು ಎಂಬ ಭಾವನೆಯಿಲ್ಲ. "ಸಕಾನಾ ನೊ ದಾಶಿ ಮೊ ದಮೆ ದೆಸು" ಎಂದು ಹೇಳಿ: ಮೀನಿನ ಸಾರೂ ಆಗದು ಎಂದರ್ಥ. ಕನ್ನಡ ನಾಲಗೆಗೆ ಜಪಾನಿ ಉಚ್ಚಾರ ಸುಲಭ, ಓದಿದಂತೆ ಹೇಳಿದರೆ ಅರ್ಥವಾಗುತ್ತದೆ. ಖಾತರಿ ಬೇಕೆಂದರೆ ಶೋಜಿನ್ ರ್ಯೊರಿ, ಭಿಕ್ಷುಗಳ ಊಟ, ಎಂದೇ ಫಲಕ ಹಾಕಿದ ಕಡೆ ಹೋಗಿ. ದುಬಾರಿ, ಕೆಲವು ಕಡೆ ಹಿಂದಿನ ದಿನವೇ ಹೇಳಬೇಕು.

ಮಧ್ಯಾಹ್ನ ಓಕಝಾಕಿ. 1933ರಲ್ಲಿ ತೆರೆದ ನಗರ ಕಲಾ ಮ್ಯೂಸಿಯಂ ಈಗ ಕ್ಯೊಸೆರಾ ಕಂಪನಿಯ ಹೆಸರು ಹೊತ್ತಿದೆ. 2020ರಲ್ಲಿ ಹಳೆಯ ಕಟ್ಟಡದ ಅಡಿಯನ್ನೇ ತೋಡಿ ಗಾಜಿನ ಪ್ರವೇಶ ಮಾಡಿದ್ದಾರೆ. ಪ್ರದರ್ಶನಕ್ಕೆ ಟಿಕೆಟ್ ಕೊಳ್ಳದಿದ್ದರೂ ಹಿಂದಿನ ತೋಟ ನೋಡಬಹುದು. ಪಕ್ಕದ 24 ಮೀಟರ್ ಎತ್ತರದ ಕೆಂಪು ತೋರಣಬಾಗಿಲು ದಾಟಿದರೆ ಹೆಯಾನ್ ಜಿಂಗು ಎಂಬ ಶಿಂತೊ ಗುಡಿ. ರಾಜಧಾನಿಯಾಗಿ 1,100 ವರ್ಷವಾದ ನೆನಪಿಗೆ 1895ರಲ್ಲಿ, ಪುರಾತನ ಅರಮನೆಯ ಎಂಟರಲ್ಲಿ ಐದು ಪಾಲು ಅಳತೆಯಲ್ಲಿ ಕಟ್ಟಿದ್ದು. ಅಂಗಳ ಉಚಿತ, ಬಿಸಿಲಿಗೆ ಕಣ್ಣು ಕುಕ್ಕುವ ಜಲ್ಲಿ, ಐದು ನಿಮಿಷ ಸಾಕು. ಹಣ ಕೊಟ್ಟು ನೋಡಬೇಕಾದ್ದು ಹಿಂದಿನ ತೋಟ, ಅದೂ ಜಿಹೆಯದು, ಅದೇ ನಾಲೆಯ ನೀರು. ಕೊಳದಲ್ಲಿ ದಾಟುಗಲ್ಲುಗಳ ಮೇಲೆ ನಡೆಯುವಾಗ ಅವುಗಳ ಗುಂಡಗಿನ ಆಕಾರ ಗಮನಿಸಿ: ಹಿದೆಯೊಶಿ ಕಾಲದ ಸಂಜೊ, ಗೊಜೊ ಸೇತುವೆಗಳ ಕಲ್ಲುಕಂಬದ ತುಂಡುಗಳು. ನಾಲೆಯೊಂದಿಗೆ ಮೀನೂ ಬಂತು. ಬೀವಾ ಸರೋವರದಲ್ಲಿ ಈಗ ಕಾಣಸಿಗದ ಇಚಿಮೊಂಜಿ ತನಾಗೊ ಈ ಕೊಳದಲ್ಲಿ ಉಳಿದಿದೆ.

ನಾಲ್ಕನೆಯ ದಿನ: ಉತ್ತರಕ್ಕೆ

9ಕ್ಕೆ ಏಕಾಂದೊ ದೇಗುಲ. ಸುತ್ತು ಮುಗಿಸಲು ಒಂದು ಗಂಟೆ. ಕೊನೆಯ ಚಾವಡಿಯ ಅಮಿದ ಬುದ್ಧ 77 ಸೆಂಟಿಮೀಟರ್ ಎತ್ತರ, ಮುಖ ಎದುರಿಗಿಲ್ಲ, ಎಡ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಾನೆ. 1082ರಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಭಿಕ್ಷು ಏಕಾನ್ ಬುದ್ಧನೇ ಪೀಠದಿಂದಿಳಿದು ಮುಂದೆ ನಡೆದದ್ದು ಕಂಡು ದಂಗಾಗಿ ನಿಂತನಂತೆ; ಬುದ್ಧ ತಿರುಗಿ, "ಏಕಾನ್, ತಡವಾಯಿತಲ್ಲೊ" ಎಂದನಂತೆ. ಎದುರಿನಿಂದ ನೋಡಿ ಹೊರಟುಬಿಡಬೇಡಿ, ನಿಮ್ಮ ಬಲಬದಿಗೆ ಸರಿಯಿರಿ, ಮುಖ ಕಾಣುವುದು ಅವನು ನೋಡುವ ಕಡೆಯಿಂದ. ನವೆಂಬರ್ ಕೊನೆಯಲ್ಲಿ ಇಲ್ಲಿ ಮೇಪಲ್ ಉರಿಯುತ್ತದೆ, ಸಾಲೂ ಹಾಗೆಯೇ ಬೆಳೆಯುತ್ತದೆ.

ನ್ಯಾಕುಒಜಿ ಸೇತುವೆಯಲ್ಲಿ ತತ್ತ್ವಜ್ಞಾನಿಯ ದಾರಿ ಶುರು. ಎರಡು ಕಿಲೊಮೀಟರಿಗೆ ತುಸು ಕಡಿಮೆ. ದಾರ್ಶನಿಕ ನಿಶಿದಾ ಕಿತಾರೊ ನಡೆಯುತ್ತಿದ್ದ ದಾರಿ. ಪಕ್ಕದ ನೀರು ನಿನ್ನೆ ಮೇಲ್ಗಾಲುವೆಯಲ್ಲಿ ಕಂಡದ್ದೇ. ಕ್ಯೋಟೊದ ನದಿಗಳೆಲ್ಲ ತೆಂಕಣಕ್ಕೆ ಹರಿದರೆ ಇದು ಬಡಗಣಕ್ಕೆ, ಬೆಟ್ಟದ ಸೊಂಟ ಹಿಡಿದು. ಚೆರ್ರಿ ಮರಗಳು ಚಿತ್ರಕಾರ ಹಶಿಮೊತೊ ಕಾನ್ಸೆತ್ಸು ಮತ್ತು ಅವನ ಹೆಂಡತಿಯ ಕೊಡುಗೆಯಿಂದ ಶುರುವಾದವು. ಜೂನ್ ಮೊದಲರ್ಧದ ರಾತ್ರಿಗಳಲ್ಲಿ ಮಿಂಚುಹುಳು. ಹೂವೂ ಹುಳುವೂ ಇಲ್ಲದ ತಿಂಗಳಲ್ಲಿ ಇದು ಸಾದಾ ಕಾಲುದಾರಿ; ನಿರೀಕ್ಷೆ ಇಟ್ಟುಕೊಳ್ಳದೆ ನಡೆಯಿರಿ.

ಅರ್ಧ ದಾರಿ ಕಳೆದು ಬಲಕ್ಕೆ ಹತ್ತಿದರೆ ಹೋನೆನಿನ್. ಬೆಳಿಗ್ಗೆ 6ರಿಂದ 4, ಅಂಗಳಕ್ಕೆ ಶುಲ್ಕವಿಲ್ಲ. ಹುಲ್ಲು ಹೊದಿಸಿದ ಬಾಗಿಲೊಳಗೆ ಎರಡು ಮರಳ ದಿಬ್ಬ, ಮೇಲೆ ಕುಂಟೆಯಿಂದ ಎಳೆದ ಚಿತ್ತಾರ. ಅಲೆ, ಎಲೆ, ಹೂವು, ಋತುವಿಗೊಂದು. ನಮ್ಮ ಅಂಗಳದ ರಂಗೋಲಿ ನೆನಪಾದರೆ ತಪ್ಪಲ್ಲ. ಎರಡರ ನಡುವೆ ನಡೆದುಹೋದರೆ ಮೈ ಶುದ್ಧಿಯಾದಂತೆ.

ಗಿಂಕಾಕುಜಿಗೆ ಮಧ್ಯಾಹ್ನ 2ರ ಹೊತ್ತಿಗೆ. ಶೋಗನ್ ಪದವಿ ಬಿಟ್ಟ ಅಶಿಕಾಗಾ ಯೊಶಿಮಾಸಾ 1482ರಲ್ಲಿ ಕಟ್ಟಲು ಹಿಡಿದ ವಿಶ್ರಾಂತಿಧಾಮ. ಹೆಸರು ಬೆಳ್ಳಿಯ ಮಂಟಪ, ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಬೆಳ್ಳಿಯ ಕೆಲಸ ಮರಳು ಮಾಡುತ್ತದೆ: ಗೆರೆ ಎಳೆದ ಗಿನ್ಶಾದಾನ್ ಎಂಬ ಜಗಲಿ, ಪಕ್ಕದಲ್ಲಿ ತುದಿ ಕತ್ತರಿಸಿದ ಸಕ್ಕರೆ ಅಚ್ಚಿನಂತಹ ಕೊಗೆತ್ಸುದಾಯಿ, ಸುಮಾರು 180 ಸೆಂಟಿಮೀಟರ್. ಹತ್ತಿರದ ಶಿರಕಾವಾ, ಅಂದರೆ ಬಿಳಿಹೊಳೆಯ, ಗ್ರಾನೈಟ್ ಕಲ್ಲಿನ ಒರಟು ಹರಳು ಅದು. ಕಾಳು ಒರಟಾದ್ದರಿಂದಲೇ ಒಂದಕ್ಕೊಂದು ಕಚ್ಚಿಕೊಂಡು ಮಳೆಗೂ ನಿಲ್ಲುತ್ತದೆ. ಆದರೂ ಮತ್ತೆ ಮತ್ತೆ ನೀರು ಚಿಮುಕಿಸಿ ತಟ್ಟುತ್ತಿರಬೇಕು. ದಾರಿ ಏಕಮುಖ, ಹಿಂದಿರುಗಿ ಬರಲಾಗದು. ಮಂಟಪದ ಫೋಟೊ ಬೇಕೆಂದರೆ ಒಳಬಂದ ಕೂಡಲೇ ತೆಗೆದುಕೊಳ್ಳಿ. ಪಾಚಿಯ ನಡುವಿನ ಮೆಟ್ಟಿಲು ಹತ್ತಿದರೆ ಮಂಟಪದ ಮಾಡಿನಾಚೆ ಪಟ್ಟಣ, ಪಟ್ಟಣದಾಚೆ ಪಡುವಣ ಬೆಟ್ಟ.

ಇಳಿದ ಮೇಲೆ ಎಲ್ಲರೂ ಬಸ್ಸಿನ ಸಾಲಿಗೆ ನಿಲ್ಲುತ್ತಾರೆ. 4ರ ನಂತರ ಎರಡು ಬಸ್ಸು ತುಂಬಿ ಹೋಗುವುದು ಸಾಮಾನ್ಯ. ಬದಲಿಗೆ ಇಮಾದೆಗಾವಾ ರಸ್ತೆ ಹಿಡಿದು ನೇರ ಪಡುವಣಕ್ಕೆ, ವಿಶ್ವವಿದ್ಯಾಲಯದ ಗೋಡೆ ಪಕ್ಕದಲ್ಲಿ ಅರ್ಧ ಗಂಟೆ ನಡೆದರೆ ದೆಮಾಚಿಯಾನಗಿ ನಿಲ್ದಾಣ. ಅಲ್ಲಿಂದ ಕೆಇಹಾನ್ ಎಕ್ಸ್‌ಪ್ರೆಸ್ ಸಂಜೊ, ಗಿಯೊನ್-ಶಿಜೊ ದಾಟಿ ಮೊದಲ ದಿನದ ಶಿಚಿಜೊಗೆ ಹತ್ತು ನಿಮಿಷದಲ್ಲಿ ತಂದಿಳಿಸುತ್ತದೆ, ಪೂರ್ತಿ ನೆಲದಡಿಯಲ್ಲಿ, ಬೆಟ್ಟದ ಒಂದು ಮರವನ್ನೂ ತೋರಿಸದೆ.